ವಾರಕ್ಕೆ ಅರ್ಧ ಗಂಟೆ, ಅದೂ ದಿಲ್ಲಿ ಬಿಟ್ಟುಕೊಟ್ಟರೆ

ದಿಲ್ಲಿಯ ಆಕಾಶವಾಣಿ 1974ರಿಂದ ಸಂಸ್ಕೃತದಲ್ಲಿ ವಾರ್ತೆ ಓದುತ್ತಿದೆ. 2011ರ ಜನಗಣತಿಯಲ್ಲಿ ಸಂಸ್ಕೃತ ನಮ್ಮ ಮಾತೃಭಾಷೆ ಎಂದು ಬರೆಸಿದವರು 24,821 ಜನ. ತುಳು ಎಂದವರು 18,46,427, ಕೊಡವ ಎಂದವರು 1,13,857. ಈ ಎರಡಕ್ಕೂ ದಿಲ್ಲಿಯಲ್ಲಿ ವಾರ್ತೆ ಇಲ್ಲ. ಇದರಲ್ಲಿ ಅನ್ಯಾಯವೇನೂ ಇಲ್ಲ, ನೋಡಿ. ತುಳುವರು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಊರ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಸಂಸ್ಕೃತದವರು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಬೇಕು?

ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಇರುವುದು 22 ಭಾಷೆಗಳಿಗೆ. ಕೊಂಕಣಿ 1992ರಲ್ಲಿ ಒಳಗೆ ಹೋಯಿತು. ತುಳು, ಕೊಡವ, ಬ್ಯಾರಿ ಇನ್ನೂ ಜಗಲಿಯಲ್ಲೇ ಕೂತಿವೆ. ಜಗಲಿಯವರಿಗೆ ಊರಿನ ಕೇಂದ್ರವೇ ಗತಿ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯೊಂದೇ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಸುಧಾರಿಸಬೇಕು.

ಗೋಪಾಲ ನಾಯ್ಕರು ಹಾಡಿ ದಾಖಲಾದ ಸಿರಿ ಪಾಡ್ದನ ಎಂಬ ತುಳು ಕಥನಗೀತದಲ್ಲಿ 15,683 ಸಾಲುಗಳಿವೆ. ನಿಮಿಷಕ್ಕೆ 10 ಸಾಲು, ವಾರಕ್ಕೊಮ್ಮೆ ಅರ್ಧ ಗಂಟೆ ಎಂದು ಹಿಡಿಯಿರಿ: ಮುಗಿಯುವುದು 53ನೇ ವಾರಕ್ಕೆ. ಅದೂ ಒಂದು ವಾರವೂ ಫೇಡ್ ಔಟ್ ಆಗದಿದ್ದರೆ, ಅಂದರೆ ನಡುವೆಯೇ ದನಿ ಇಳಿಸಿ ನಿಲ್ಲಿಸದಿದ್ದರೆ. ದಿಲ್ಲಿಯ ರಿಲೇ ಉಪಗ್ರಹದಿಂದ ಇಳಿಯುವುದು ಗಡಿಯಾರ ನೋಡಿಕೊಂಡು. ಯಾವುದು ಯಾವಾಗ ಎಂದು ಬರೆದಿಟ್ಟ ಕ್ಯೂ ಶೀಟಿನಲ್ಲಿ ಅದಕ್ಕೆ ಕೊಟ್ಟ ಸೆಕೆಂಡನ್ನು ಯಾರೂ ಮುಟ್ಟುವಂತಿಲ್ಲ. ನಾಟಕ ಹತ್ತು ಸೆಕೆಂಡು ಹೆಚ್ಚಾಯಿತೋ, ಡ್ಯೂಟಿಯಲ್ಲಿದ್ದವರು ಫೇಡರ್ ಇಳಿಸಿ ಲಾಗ್ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ. ಕೊಲೆ ಮಾಡಿದವರು ಯಾರೆಂದು ಕೇಳುಗರಿಗೆ ಕೊನೆಗೂ ಗೊತ್ತಾಗುವುದಿಲ್ಲ.

ಇನ್ನು ದನಿ. ಅದು ಬಹುಪಾಲು ಕ್ಯಾಶುವಲ್, ಅಂದರೆ ಕಾಯಂ ಅಲ್ಲದ ಉದ್ಘೋಷಕರದ್ದು. ತಿಂಗಳಿಗೆ ಆರು ಡ್ಯೂಟಿ, ಅದರ ಮೇಲೆ ಇಲ್ಲ. ಏಳನೆಯದು ಕೊಟ್ಟರೆ ಎಲ್ಲಿ ಕಾಯಂ ಮಾಡಿ ಎಂದಾರೋ ಎಂಬ ಭಯ. ಹಾಗಾಗಿ ಸೊಗಸಾಗಿ ತುಳು ಮಾತಾಡುವವರು ತಿಂಗಳಲ್ಲಿ ಆರು ದಿನ ಸರ್ಕಾರಕ್ಕೆ ಬೇಕಾದವರು. ಮಿಕ್ಕ ದಿನ ಟ್ಯೂಷನ್ ಹೇಳಿಕೊಂಡೋ ಮದುವೆ ಮನೆಗಳಲ್ಲಿ ನಿರೂಪಣೆ ಮಾಡಿಕೊಂಡೋ ಇರಬಹುದು. ಭಾಷೆ ಉಳಿಸಲು ಇಷ್ಟು ಅಗ್ಗದ ಯೋಜನೆ ಬೇರೆಲ್ಲೂ ಸಿಗದು.

ಇಷ್ಟೆಲ್ಲ ದಾಟಿ ಬಂದ ಕಾರ್ಯಕ್ರಮಕ್ಕೆ ಕೊನೆಯ ಅಡ್ಡಿ ಗುಡ್ಡ. ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡು ದೂರ ಹರಿಯುತ್ತದೆ. ಆದರೆ ಅದರ ಟ್ರಾನ್ಸ್‌ಮಿಟರಿಗೆ ವಿದ್ಯುತ್ ಹೆಚ್ಚು ಬೇಕು, ಎತ್ತರದ ಕಂಬ ಬೇಕು, ಕಂಬದ ಸುತ್ತ ಎಕರೆಗಟ್ಟಲೆ ಜಾಗ ಬೇಕು. ಅದಕ್ಕೇ ದೇಶದಲ್ಲಿ ಹಳೆಯವು ಒಂದೊಂದಾಗಿ ಮುಚ್ಚುತ್ತಿವೆ. ಎಫ್‌ಎಂ ಅಲೆಯದು ನೇರ ಹಾದಿ. ಮಡಿಕೇರಿಯಿಂದ ಹೊರಟದ್ದು ಬೆಟ್ಟದ ಮರೆಯ ಹಳ್ಳಿಗೆ ಸರಿಯಾಗಿ ಇಳಿಯದು, ಅಲ್ಲಿ ಬರೀ ಗೊರಗೊರ. ‘ಆ್ಯಪ್ ಇದೆಯಲ್ಲ’ ಎನ್ನುತ್ತದೆ ಇಲಾಖೆ. ಇದೆ. ಅದರಲ್ಲಿ ಕೇಳಬೇಕಾದರೆ ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಗೆ ಹತ್ತಬೇಕು, ಅಷ್ಟೇ. ಅಲ್ಲಿಗೆ ಎಫ್‌ಎಂ ಕೂಡ ಚೆನ್ನಾಗಿಯೇ ಸಿಗುತ್ತದೆ.