ಪಡ್ಡು ಕಾವಲಿಯಲ್ಲಿ ಆರು ವಾಲ್ವು

ಮೊದಲ ಬಾರಿಗೆ ಮಾರುತಿ 800 ಕಾರಿನ ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತ ಎಂಜಿನ್ನಿನ ತಲೆ) ಇಳಿಸಲು ಹೊರಟವನು ಪಾನಾ ಹಿಡಿಯುವ ಮೊದಲೇ ಒಂದು ತಪ್ಪು ಮಾಡಿರುತ್ತಾನೆ. "ಒಂದು ಭಾನುವಾರದ ಕೆಲಸ ಅಷ್ಟೇ" ಎಂದು ಮನೆಯಲ್ಲಿ ಹೇಳಿಬಿಟ್ಟಿರುತ್ತಾನೆ. ಗಣೇಶನ ಹಬ್ಬ ಕಳೆದ ಭಾನುವಾರ ಬಿಚ್ಚಿದ ಎಂಜಿನ್ನು ಆಯುಧಪೂಜೆಯ ಹೊತ್ತಿಗೆ ಸದ್ದು ಮಾಡಿದರೆ ಅದು ಒಳ್ಳೆಯ ಪ್ರಗತಿ.

ಎಂಜಿನ್ನಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಮೂರು ಸಿಲಿಂಡರು, ಒಂದೊಂದಕ್ಕೆ ಒಳಬರುವ ಗಾಳಿಗೂ ಹೊರಹೋಗುವ ಹೊಗೆಗೂ ಬಾಗಿಲಿನಂತೆ ಎರಡು ವಾಲ್ವು, ಅವನ್ನು ತೆರೆಯಲು ಮೇಲೊಂದು ಕ್ಯಾಮ್ ಶಾಫ್ಟು, ಅದನ್ನು ತಿರುಗಿಸಲು ಹಲ್ಲಿನ ಬೆಲ್ಟು. ಬೋರು (ಸಿಲಿಂಡರಿನ ಅಗಲ) 68.5 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 72 ಮಿ.ಮೀ., ಒಟ್ಟು 796 ಸಿ.ಸಿ. ಹೆಸರಿಗಿಂತ ನಾಲ್ಕು ಸಿ.ಸಿ. ಕಡಿಮೆ, ಅಷ್ಟಕ್ಕೆ ಯಾರೂ ಜಗಳ ತೆಗೆದಿಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ಬಂದ ಗಾಡಿ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡ್ ಇದೆ. ಅದರಲ್ಲೂ ಹಳೆಯ ಕಾರ್ಬುರೇಟರ್ ಮಾಡೆಲ್ ಕಲಿಯುವವನಿಗೆಂದೇ ಮಾಡಿದಂತಿದೆ.

ಕೈ ಹಾಕುವ ಮೊದಲು ರೋಗ ಖಾತ್ರಿಯಾಗಬೇಕು. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಹೆಚ್ಚಾದ ಕಾಫಿಯಂಥ ನೊರೆ ಕಂಡಿತು ಅಂದುಕೊಳ್ಳಿ. "ಹೆಡ್ ಗ್ಯಾಸ್ಕೆಟ್ ಹೋಯ್ತು!" ಎಂದು ಕುಣಿದಾಡಬೇಡಿ. (ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ನೀರು, ಎಣ್ಣೆ ಬೆರೆಯದಂತೆ ಕೂತ ಹಾಳೆಯೇ ಈ ಗ್ಯಾಸ್ಕೆಟ್.) ಮಳೆಗಾಲದಲ್ಲಿ ದಿನಾ ತರಕಾರಿ ಅಂಗಡಿಯವರೆಗೆ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ಆವಿ ಮುಚ್ಚಳದಲ್ಲಿ ಹನಿಗಟ್ಟಿದರೂ ಅದೇ ನೊರೆ ಬರುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಕಾಫಿ ಬಣ್ಣ, ಓಡುವ ಎಂಜಿನ್ನಿನ ರೇಡಿಯೇಟರ್ ಬಾಯಲ್ಲಿ ನಿಲ್ಲದ ಗುಳ್ಳೆ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ, ಇಷ್ಟೂ ಸೇರಿದರೆ ಮಾತ್ರ ಹೆಡ್ ಇಳಿಸಿ. ಗ್ಯಾಸ್ಕೆಟ್ ತಾನಾಗಿ ಸಾಯುವುದು ಅಪರೂಪ. ಎಂಜಿನ್ ಕಾದಾಗ ಫ್ಯಾನ್ ಓಡಿಸಬೇಕಾದ ಥರ್ಮೋ ಸ್ವಿಚ್ಚೋ ಸೋರುವ ಹೋಸ್ ಪೈಪೋ ಅದನ್ನು ಕೊಂದಿರುತ್ತದೆ. ಕೊಲೆಗಾರನನ್ನು ಹಾಗೇ ಬಿಟ್ಟು ಹೊಸ ಗ್ಯಾಸ್ಕೆಟ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಎಂಜಿನ್ ತಣ್ಣಗಿರುವಾಗಲೇ ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ, ಬಕೆಟ್ಟಿನ ಬಾಯಿ ಮುಚ್ಚಿ. ಕೂಲೆಂಟ್ ಸಿಹಿ, ಜೊತೆಗೆ ವಿಷ. ಬೀದಿ ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ.

ಆಮೇಲೆ ಪಾನಾ. ಈ ಗಾಡಿಯ ಮೂಲ ಬೋಲ್ಟುಗಳಿಗೆ ಬಹುಪಾಲು 10, 12, 14ರ ಪಾನಾ ಸಾಕು. ನಡುವೆ ಎಲ್ಲಾದರೂ 11 ಅಥವಾ 13ರ ತಲೆ ಸಿಕ್ಕಿತೋ, ನಿಮಗಿಂತ ಮೊದಲು ಯಾರೋ ಇಲ್ಲಿಗೆ ಬಂದು ಬೋಲ್ಟ್ ಕಳೆದುಕೊಂಡು, ಕೈಗೆ ಸಿಕ್ಕಿದ್ದನ್ನು ಹಾಕಿ ಹೋಗಿದ್ದಾರೆ ಎಂದರ್ಥ. ಅಲ್ಲಿಂದ ಮುಂದೆ ಯಾವ ಬೋಲ್ಟನ್ನೂ ನಂಬಬೇಡಿ.

ಫೋಟೋ ತೆಗೆದುಕೊಂಡಿದ್ದೇನೆ ಎನ್ನುವುದು ಹವ್ಯಾಸಿಯ ದೊಡ್ಡ ಧೈರ್ಯ. ಮೂರು ವಾರ ಬಿಟ್ಟು ನೋಡಿದರೆ ಅರವತ್ತು ಫೋಟೋದಲ್ಲೂ ಒಂದು ಕಪ್ಪು ಪೈಪಿನ ತುದಿ, ಹಿಂದೆ ಹೆಬ್ಬೆರಳು. ಯಾವ ಪೈಪು, ಎಲ್ಲಿಂದ ಬಂತು, ದೇವರೇ ಬಲ್ಲ. ಕಾರ್ಬುರೇಟರಿನ ವ್ಯಾಕ್ಯೂಮ್ ಪೈಪುಗಳಿಗೆ ಟೇಪ್ ಸುತ್ತಿ, ಪೈಪಿಗೂ ಅದು ಕೂರುವ ಮೂತಿಗೂ ಒಂದೇ ನಂಬರ್ ಬರೆಯಿರಿ. ಬೋಲ್ಟುಗಳಿಗೆ ರಟ್ಟು ಸಾಕು: ಕವರಿನ ಆಕಾರ ಬರೆದು, ಯಾವ ತೂತಿನ ಬೋಲ್ಟೋ ಅಲ್ಲೇ ಚುಚ್ಚಿಡಿ. ಒಂದೇ ಕವರಿನಲ್ಲಿ ಉದ್ದದ್ದೂ ಗಿಡ್ಡದ್ದೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾಗಿದೆ ಅನಿಸುತ್ತದೆ, ಕವರ್ ಮಾತ್ರ ಅಲ್ಲಾಡುತ್ತಿರುತ್ತದೆ.

ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿರುವ ಸ್ಟಡ್ಡುಗಳ (ತಲೆಯಿಲ್ಲದ ಬೋಲ್ಟುಗಳ) ಮುಂದೆ ಸ್ವಲ್ಪ ವಿನಯ ಬೇಕು. ವರ್ಷಗಟ್ಟಲೆ ಕಾದು, ತಣಿದು, ತುಕ್ಕು ಹಿಡಿದು ನಟ್ಟೂ ಸ್ಟಡ್ಡೂ ಒಂದೇ ಆಗಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ಬೆಳಿಗ್ಗೆ ಇನ್ನೊಮ್ಮೆ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್ ಬಿಗಿದು, ಮತ್ತೆ ಬಿಚ್ಚುವುದು. ಈ ತಾಳ್ಮೆ ಇಲ್ಲದವನಿಗೆ ಪಾನಾ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. "ಬಂತು, ಬಂತು!" ಎಂದು ಕೂಗುತ್ತಾನೆ. ಬಂದಿರುತ್ತದೆ, ಅರ್ಧ. ಉಳಿದರ್ಧ ಹೆಡ್ಡಿನೊಳಗೆ. ಅದಕ್ಕೊಂದು ನಟ್ಟು ವೆಲ್ಡ್ ಮಾಡಿ ಎಳೆಯಲು ಲೇತಿನವನೇ ಆಗಬೇಕು.

ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತುರುಕಬಾರದು. ಅಲ್ಯುಮಿನಿಯಮ್ಮಿನ ಮೇಲೆ ಬಿದ್ದ ಆ ಗೀರಿನಲ್ಲೇ ಮುಂದೆ ನೀರು ದಾರಿ ಮಾಡಿಕೊಳ್ಳುತ್ತದೆ. ಮರದ ಸುತ್ತಿಗೆಯಿಂದ ಬದಿಗೆ ನಾಲ್ಕು ಏಟು ಸಾಕು.

ಈಗ ವಾಲ್ವು. ಬಿಚ್ಚಿದ ಆರನ್ನೂ ಅವು ಕೂತಿದ್ದ ಕ್ರಮದಲ್ಲೇ ಇಡಬೇಕು; ಯಾವ ವಾಲ್ವು ಯಾವ ಸೀಟಿಗೆ (ಹೆಡ್ಡಿನಲ್ಲಿ ಅದರ ತಲೆ ಕೂರುವ ಅಂಚಿಗೆ) ಒಗ್ಗಿತ್ತೋ ಅದಕ್ಕೇ ವಾಪಸ್. ಏಳು ಗುಳಿಯ ಪಡ್ಡು ಕಾವಲಿ ಇದಕ್ಕೆ ಹೇಳಿ ಮಾಡಿಸಿದ್ದು. ಆರು ಗುಳಿಗೆ ಆರು ವಾಲ್ವು, ನಡುವಿನ ಗುಳಿಗೆ ವಾಲ್ವನ್ನು ಸ್ಪ್ರಿಂಗಿಗೆ ಹಿಡಿದಿಡುವ ಲಾಕುಗಳು. ಆದರೆ ಸೀಮೆಎಣ್ಣೆ ಕುಡಿದ ಕಾವಲಿಯನ್ನು ಎಷ್ಟು ತಿಕ್ಕಿದರೂ ಅಡುಗೆಮನೆಗೆ ಮರುಪ್ರವೇಶ ಇಲ್ಲ. ಹೊಸದೊಂದನ್ನು ಮೊದಲೇ ತಂದಿಟ್ಟರೆ ಅಮ್ಮನ ಮಾತು ಸ್ವಲ್ಪ ಕಡಿಮೆ ಕೇಳಬೇಕಾದೀತು.

ಒಂದು ವಾಲ್ವಿಗೆ ಎರಡರಂತೆ ಲಾಕುಗಳು ಹನ್ನೆರಡು. ಒಂದೊಂದೂ ಅಡಿಕೆ ಚೂರಿನಷ್ಟು, ಸ್ಪ್ರಿಂಗಿನ ಒತ್ತಡದಲ್ಲಿ ಜೀವ ಹಿಡಿದು ಕೂತಿರುತ್ತವೆ. ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಇಲ್ಲದೆ ಸಾಕೆಟ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರೂ ಬಿಚ್ಚಿಕೊಳ್ಳುತ್ತವೆ, ನಿಜ. ಹನ್ನೊಂದು ಕೈಗೆ ಬರುತ್ತವೆ, ಒಂದು ತುಳಸಿಕಟ್ಟೆಗೆ ಹೋಗುತ್ತದೆ. ಮೇಲೊಂದು ಬಟ್ಟೆ ಹೊದಿಸಿ ಹೊಡೆದಿದ್ದರೆ ತುಳಸಿಗಿಡದ ಬುಡ ಅಗೆಯುವುದು ತಪ್ಪುತ್ತಿತ್ತು.

ಲ್ಯಾಪಿಂಗ್, ಅಂದರೆ ವಾಲ್ವನ್ನೂ ಸೀಟನ್ನೂ ಉಜ್ಜಿ ಹೊಂದಿಸುವುದು, ಮಾತ್ರ ಸುಖದ ಕೆಲಸ. ಸೀಟಿಗೆ ಒರಟು ಪೇಸ್ಟು, ಆಮೇಲೆ ನಯದ್ದು. ವಾಲ್ವಿನ ತಲೆಗೆ ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಕಡಗೋಲಿನಂತೆ ಅಂಗೈಗಳ ನಡುವೆ ಹಿಂದಕ್ಕೂ ಮುಂದಕ್ಕೂ ಉಜ್ಜುವುದು, ಆಗಾಗ ಎತ್ತಿ ಜಾಗ ಬದಲಿಸುವುದು. ಸುತ್ತಲೂ ಎಲ್ಲೂ ಕಡಿಯದ ಬೂದು ಬಣ್ಣದ ಉಂಗುರ ಬಂದರೆ ಬೆಣ್ಣೆ ಬಂತೆಂದೇ ಲೆಕ್ಕ. ಪರೀಕ್ಷೆ ಬೇಕೆ? ವಾಲ್ವು ಕೂರಿಸಿ, ಹೆಡ್ಡನ್ನು ವಾರೆ ಮಾಡಿ ಪೋರ್ಟಿಗೆ (ಗಾಳಿ, ಹೊಗೆ ಓಡಾಡುವ ತೂತಿಗೆ) ಸೀಮೆಎಣ್ಣೆ ಹೊಯ್ಯಿರಿ. ಐದು ನಿಮಿಷ ಜಿನುಗಬಾರದು. ಪೇಸ್ಟಿನ ಒಂದು ಕಣವೂ ಒಳಗೆ ಉಳಿಯದ ಹಾಗೆ ತೊಳೆಯಿರಿ. ಎಣ್ಣೆ ಇಳಿಯದಂತೆ ತಡೆಯುವ ವಾಲ್ವ್ ಸೀಲುಗಳನ್ನು ಹಳೇದೇ ವಾಪಸ್ ಹಾಕಿ ನಾಲ್ಕು ಕಾಸು ಉಳಿಸಿದವನ ಸೈಲೆನ್ಸರಿನಲ್ಲಿ ಬೆಳಿಗ್ಗೆ ನೀಲಿ ಹೊಗೆ ಏಳುತ್ತದೆ.

ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು, ಕೆಳಗೆ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನೋಡಿ. ಎಲ್ಲಾದರೂ ತೂರಿದರೆ ಹೆಡ್ ಸೊಟ್ಟಗಾಗಿದೆ, ಅದರ ಮುಖ ಸಮ ಮಾಡುವ ಫೇಸಿಂಗಿಗೆ ಲೇತ್ ಅಂಗಡಿ. "ಯಾವಾಗ ಆಗುತ್ತೆ ಅಣ್ಣಾ?" "ನಾಳೆ ಬನ್ನಿ ಸಾರ್." ಈ ನಾಳೆ ಪಂಚಾಂಗದಲ್ಲಿಲ್ಲ. ಅಷ್ಟರಲ್ಲಿ ಬ್ಲಾಕಿನ ಮುಖ ಸ್ವಚ್ಛ ಮಾಡಬಹುದು. ಪ್ಲಾಸ್ಟಿಕ್ ಬಿಲ್ಲೆಯಿಂದ ಕೆರೆಯಿರಿ. ಡ್ರಿಲ್ಲಿಗೆ ಸಿಕ್ಕಿಸಿದ ಎಮರಿ ಚಕ್ರ ಬೇಡ, ಅದರ ಪುಡಿ ಎಣ್ಣೆ ಸೇರಿ ಬೇರಿಂಗ್ ತಿನ್ನುತ್ತದೆ. ಬೋಲ್ಟಿನ ತೂತುಗಳಲ್ಲಿ ನಿಂತ ನೀರನ್ನು ಸಿರಿಂಜಿನಲ್ಲಿ ಹೀರಿ ತೆಗೆಯಿರಿ. ನೀರು ಕುಗ್ಗುವುದಿಲ್ಲ, ಬೋಲ್ಟ್ ಇಳಿದಂತೆ ಬ್ಲಾಕೇ ಸೀಳಬಹುದು.

ಬಿಗಿಯುವಾಗ ಲೆಕ್ಕ ತಿರುವುಮುರುವು: ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ. ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚಿನಲ್ಲಿ ಎರಡು ಸಾಲು ಅಂಕಿ ಇರುತ್ತವೆ. ಪುಸ್ತಕದಲ್ಲಿ 55 ನ್ಯೂಟನ್ ಮೀಟರ್ ಎಂದಿರುವಾಗ ಕಣ್ಣು ತಪ್ಪಿ 55 ಫುಟ್ ಪೌಂಡ್ ಕೊಟ್ಟರೆ ಸುಮಾರು 75 ನ್ಯೂಟನ್ ಮೀಟರ್ ಆಯಿತು, ಥ್ರೆಡ್ ಹೋಯಿತು. ಟೈಮಿಂಗ್ ಬೆಲ್ಟ್ (ಆ ಹಲ್ಲಿನ ಬೆಲ್ಟು) ಹಾಕಿದ ಮೇಲೆ, ಪಿಸ್ಟನ್ನುಗಳಿಗೆ ಸೇರಿದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ಯಾಮ್ ಅಷ್ಟರಲ್ಲಿ ಒಂದು ಸುತ್ತು ಹೋಗಿರುತ್ತದೆ, ಎರಡರ ಗುರುತೂ ಮತ್ತೆ ಕೂಡಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ಓಡೀತು, ಏರಿನಲ್ಲಿ ಮಾತ್ರ ಆಟೋಗಳೆಲ್ಲ ಮುಂದೆ ಹೋಗುತ್ತವೆ.

ಸ್ಟಾರ್ಟ್ ಮಾಡುವ ದಿನ ಎದುರುಮನೆ ಅಂಕಲ್ ಬಂದೇ ಬರುತ್ತಾರೆ. ಮೊದಲು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕಳಚಿ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಬೇಕು. ಸೆಲ್ಫ್ ತಿರುಗದೆ ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಹೊಗೆ ಬಂದರೆ ಭೂತಚೇಷ್ಟೆ ಅಲ್ಲ, ಅರ್ಥ್ ಪಟ್ಟಿ ಹಾಕಲು ಮರೆತಿದ್ದೀರಿ. ರಬ್ಬರಿನ ಮೇಲೆ ಕೂತ ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗಬೇಕಾದ ಕರೆಂಟು ಸಿಕ್ಕ ದಾರಿ ಹಿಡಿದಿದೆ. ಕಾಯಿಲ್ ಸೇರಿಸಿದ ಮೇಲೆ ಕಾರ್ಬುರೇಟರ್ ಢಬ್ ಎಂದು ಸೀನಿದರೆ ಪ್ಲಗ್ ವೈರು ನೋಡಿ. ಸಿಲಿಂಡರುಗಳು ಉರಿಯುವ ಕ್ರಮ ಇಲ್ಲಿ 1-3-2. ಶಾಲೆಯಲ್ಲಿ ಕಲಿತ ಹಾಗೆ 1-2-3 ಹಾಕಿದ್ದರೆ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೆರಡು ಜಗಳ ಆಡುತ್ತವೆ. ಏನೂ ಆಗದಿದ್ದರೆ ಚಿಂದಿ ಬಟ್ಟೆ ಎಣಿಸಿ. ಕಸ ಬೀಳದಿರಲೆಂದು ಪೋರ್ಟಿಗೆ ತುರುಕಿದ್ದ ಒಂದು ಅಲ್ಲೇ ಇರಬಹುದು.

ಹೊತ್ತಿಕೊಂಡಿತೋ, ಹೀಟರ್ ಪೂರ್ತಿ ತಿರುಗಿಸಿ, ರೇಡಿಯೇಟರಿನ ಗುಳ್ಳೆ ನಿಲ್ಲುವವರೆಗೆ ಕೂಲೆಂಟ್ ತುಂಬುತ್ತಿರಿ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ, ಫಿಲ್ಟರು ಎರಡನ್ನೂ ಬದಲಿಸಿ. ಹೊತ್ತಿಕೊಳ್ಳಲಿಲ್ಲವೋ, ಆಯುಧಪೂಜೆ ಅಂತೂ ನಿಲ್ಲುವುದಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿದರೂ ನಿಂಬೆಹಣ್ಣಿನ ಮೇಲೆ ಟೈರು ಹರಿಯುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ನೋಡಿಕೊಳ್ಳಿ.