ಎಲ್ಲರಿಗೂ ಫೀಸು, ಹೆರುವವಳಿಗೆ ಪುಣ್ಯ

ಬಾಡಿಗೆ ತಾಯ್ತನದ ಮಾತು ಬಂದಾಗಲೆಲ್ಲ ನಮ್ಮ ಕಲಬುರಗಿಯ ಓದಿದ ಮಂದಿ ‘ಕಾನೂನು ಬಂತು, ದಂಧೆ ನಿಂತಿತು’ ಎಂದು ನಿರಾಳರಾಗುತ್ತಾರೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ದುಡ್ಡಿನ ವ್ಯವಹಾರವನ್ನು ನಿಷೇಧಿಸಿದೆ, ನಿಜ. ಮೀರಿದವರಿಗೆ 10 ವರ್ಷದವರೆಗೂ ಜೈಲು. ವೈದ್ಯರಿಗೆ ಫೀಸು ಇದೆ, ವಕೀಲರಿಗೆ ಇದೆ, ಲ್ಯಾಬಿನ ಬಿಲ್ಲೂ ಚುಕ್ತಾ ಆಗುತ್ತದೆ. ಒಂಬತ್ತು ತಿಂಗಳು ಹೊತ್ತು ಹೆರುವವಳಿಗೆ ಮಾತ್ರ ಆಸ್ಪತ್ರೆಯ ಖರ್ಚು, 36 ತಿಂಗಳ ವಿಮೆ, ಮತ್ತೆ ಪುಣ್ಯ!

ದುಡ್ಡು ತೆಗೆದರೆ ಒತ್ತಡವೂ ಹೋಗುತ್ತದೆ ಎನ್ನುವವರು ಕೂಡುಕುಟುಂಬವನ್ನು ಕಂಡಿಲ್ಲ. ಮಕ್ಕಳಾಗದ ಸೊಸೆಯನ್ನು ಕುಬಸದ ಮನೆಯಲ್ಲಿ ಹಿಂದೆ ಕೂರಿಸುವ, ಆರತಿ ತಟ್ಟೆ ಅವಳ ಕೈಗೆ ಬಾರದಂತೆ ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥಲ್ಲಿ ಅತ್ತೆ ಕಿರಿಯ ಸೊಸೆಯನ್ನು ಕರೆದು ‘ನಿನಗೆ ಎರಡಿವೆ, ಅಕ್ಕನಿಗೊಂದು ಹೆತ್ತು ಕೊಡು’ ಎಂದರೆ? ಅವಳ ಗಂಡ ಅಣ್ಣನ ಅಂಗಡಿಯಲ್ಲೇ ದುಡಿಯುವವನಾಗಿದ್ದರೆ? ಕಾಯ್ದೆಯ ಪ್ರಕಾರ ಹೆರುವವಳ ವಯಸ್ಸು 25ರಿಂದ 35, ಸ್ವಂತ ಮಗುವಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ: ಇವನ್ನೆಲ್ಲ ಕಾಗದ ನೋಡಿ ಹೇಳಬಹುದು. ಸ್ವಇಚ್ಛೆಯನ್ನು ತೋರಿಸುವ ಸ್ಕ್ಯಾನಿಂಗ್ ಯಂತ್ರ ಇನ್ನೂ ಬಂದಿಲ್ಲ.

ಕಾಯ್ದೆ ಪೂರ್ತಿ ಕುರುಡೇನಲ್ಲ. ಆಕೆಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲು ಆಕೆ ಹಿಂದೆ ಸರಿಯಬಹುದು. ಆದರೆ ಹುಮನಾಬಾದ್ ಕಡೆಯ ತಾಂಡಾದ ಹೆಣ್ಣುಮಗಳಿಗೆ ಹಾರ್ಮೋನ್ ಚುಚ್ಚುಮದ್ದಿನ ಅಡ್ಡಪರಿಣಾಮವನ್ನು ಲಂಬಾಣಿಯಲ್ಲಿ ವಿವರಿಸುವವರು ಯಾರು? ಬಹುಶಃ ಜೊತೆಗೆ ಬಂದ ಮನೆಯವನೇ.

ಮಗನನ್ನು ಕಳೆದುಕೊಂಡ ದಂಪತಿಯ ಅರ್ಜಿ 2023ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ಗಂಡನಿಗೆ 57, ಕಾಯ್ದೆಯ ಮಿತಿ 55. ಕೋರ್ಟು ಕರುಣೆಯಿಂದಲೇ ನೋಡಿ, ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಗಳನ್ನು ಹೇಳಿತು. ಮಗು ಬೇಕೆನ್ನುವವರ ಆರ್ಥಿಕ ಸ್ಥಿತಿ ನೋಡುವುದು ಸರಿ. ಹೆರುವವಳ ಮನೆಯ ಸಾಲವನ್ನೂ ಒಮ್ಮೆ ನೋಡಬಾರದೇ?

ಪಾಲಕತ್ವದ ಆದೇಶಕ್ಕೆ ದಂಪತಿಯ ಜೊತೆ ಆಕೆಯೂ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಅಲ್ಲೇ ಬಾಗಿಲು ಮುಚ್ಚಿ, ಮನೆಯವರನ್ನು ಹೊರಗೆ ಕಳಿಸಿ, ಆಕೆಯ ಭಾಷೆ ಬಲ್ಲ ಮಹಿಳಾ ಸಮಾಲೋಚಕರು ಕೇಳಲಿ: ‘ಬೇಡವೆಂದರೆ ಮನೆಯಲ್ಲಿ ಏನಾಗುತ್ತದೆ?’

ತೊಗರಿ ರಾಶಿಯ ಕಾಲದ ಕೂಲಿ ಬಿಟ್ಟವಳಿಗೆ ಪರಿಹಾರವೂ ಬೇಕು. ಹಣ ಬಂದರೆ ಗುಳೆ ಹೋಗುವ ಹೆಣ್ಣುಮಕ್ಕಳ ಹಿಂದೆ ದಲ್ಲಾಳಿಗಳು ಬೀಳುತ್ತಾರೆ ಎಂಬ ಭಯ ನನಗೂ ಇದೆ. ಅದಕ್ಕೇ ಮೊತ್ತವನ್ನು ಸರ್ಕಾರ ನಿಗದಿಪಡಿಸಲಿ, ಕೋರ್ಟಿನ ಮೂಲಕವೇ ಪಾವತಿಯಾಗಲಿ. ಗಂಡನ ಖಾತೆಗಲ್ಲ, ಆಕೆಯ ಖಾತೆಗೆ.