ಏರು, ಇಳಿಜಾರು ಮತ್ತು ಹಿರಿಯರ ನಡಿಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆ ಮತ್ತು ಕಣಿವೆಗಳ ಮೇಲೆ ಬೆಳೆದ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ಅರ್ಕಾವತಿಯ ಮೂಲಕ ಕಾವೇರಿಯನ್ನೂ ಮತ್ತೊಂದು ಕಡೆ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಗವಿಪುರ, ಹನುಮಂತನಗರ, ಗಿರಿನಗರಗಳ ಎಷ್ಟೋ ಅಡ್ಡರಸ್ತೆಗಳಲ್ಲಿ ಹಾಲು ತರಲು ಹೊರಟವರೂ ಏರನ್ನೋ ಇಳಿಜಾರನ್ನೋ ದಾಟಲೇಬೇಕು. ವಯಸ್ಸಾದವರ ಕಾಲಿನ ಶಕ್ತಿಯ ಬಗ್ಗೆ ಮಾತನಾಡುವಾಗ ನಾವು ಸಕ್ಕರೆ ಕಾಯಿಲೆ, ಮಂಡಿನೋವು, ಕ್ಯಾಲ್ಸಿಯಂ ಮಾತ್ರೆಗಳನ್ನು ನೆನೆಯುತ್ತೇವೆಯೇ ಹೊರತು, ಅವರ ಮನೆಯ ಗೇಟಿನಾಚೆಯ ನೆಲ ಹೇಗಿದೆ ಎಂದು ಕೇಳುವುದಿಲ್ಲ.

ಏರು ಹತ್ತುವಾಗ ಮೀನಖಂಡ, ಪೃಷ್ಠದ ಸ್ನಾಯುಗಳು ಮತ್ತು ಹೃದಯ ಹೆಚ್ಚು ದುಡಿಯುತ್ತವೆ. ಆಯಾಸವಾಗುತ್ತದೆ, ನಿಂತು ಸುಧಾರಿಸಿಕೊಂಡರೆ ಮುಂದೆ ಸಾಗಬಹುದು. ಇಳಿಯುವಾಗಿನ ಕಷ್ಟ ಬೇರೆ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ, ಮತ್ತು ವಯಸ್ಸಾದಂತೆ ಆ ಸ್ನಾಯು ಸೊರಗುತ್ತದೆ. ‘ಹತ್ತೋದು ಹೇಗೋ ಆಗುತ್ತೆ, ಇಳಿಯೋಕೇ ಭಯ’ ಎಂದು ನಮ್ಮ ಬೀದಿಯ ಅಜ್ಜಿಯಂದಿರು ಹೇಳುವುದು ಶರೀರಶಾಸ್ತ್ರದ ಪ್ರಕಾರವೂ ಸರಿಯಾದ ಮಾತು.

ಹಾಗೆಂದು ಇಳಿಜಾರನ್ನೇ ದೂರಲು ನಾನು ಸಿದ್ಧನಿಲ್ಲ. ಜಪಾನಿನ ಹಿರಿಯ ನಾಗರಿಕರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏರುತಗ್ಗಿನ ಬಡಾವಣೆಗಳಲ್ಲಿ ವಾಸಿಸುವವರಲ್ಲಿ ಹತೋಟಿ ತಪ್ಪಿದ ಮಧುಮೇಹ ಕಡಿಮೆ ಇದ್ದದ್ದು ಕಂಡುಬಂದಿದೆ. ಅದಕ್ಕೆ ಇಳಿಜಾರೇ ಕಾರಣವೆಂದು ಅಷ್ಟರಿಂದಲೇ ಹೇಳಲಾಗದು. ಆದರೂ ನಿತ್ಯ ಏರು ಹತ್ತುವ ಕಾಲುಗಳಿಗೆ ಒಳ್ಳೆಯ ವ್ಯಾಯಾಮ ದೊರೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಷರತ್ತು ಒಂದೇ, ಪಾದ ಊರುವ ನೆಲ ನಂಬಿಕೆಗೆ ಅರ್ಹವಾಗಿರಬೇಕು.

ನಮ್ಮಲ್ಲಿ ಕೆಟ್ಟಿರುವುದು ಅಲ್ಲಿಯೇ. ಇಳಿಜಾರಿನ ರಸ್ತೆಯಲ್ಲಿ ಪ್ರತಿಯೊಬ್ಬ ಮನೆಯವರೂ ತಮ್ಮ ಗೇಟಿನ ಮುಂದಿನ ಜಾಗವನ್ನು ತಮ್ಮ ಮಟ್ಟಕ್ಕೆ ಎತ್ತರಿಸಿಕೊಂಡು, ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು ಕಟ್ಟಿಕೊಳ್ಳುವುದರಿಂದ, ಒಂದೇ ಸಮನೆ ಇಳಿದುಹೋಗಬೇಕಾದ ಫುಟ್‌ಪಾತ್ ಅಳತೆಯಿಲ್ಲದ ಮೆಟ್ಟಿಲುಗಳ ಸಾಲಾಗಿಬಿಡುತ್ತದೆ. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮೊಣಕಾಲಿನೆತ್ತರ. ನಡುವೆ ಅಲುಗಾಡುವ ಮೋರಿಯ ಚಪ್ಪಡಿ. ಕಾರಿನ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಒಂದು ಪಾದ ಮೇಲೆ, ಇನ್ನೊಂದು ಕೆಳಗೆ ಬೀಳುತ್ತದೆ. ಸೊಂಟದ ಪಕ್ಕದ ಸ್ನಾಯುಗಳು ದುರ್ಬಲವಾಗಿರುವವರಿಗೆ ನೇರವಾದ ಏರಿಗಿಂತ ಈ ಓರೆಯೇ ಹೆಚ್ಚು ಅಪಾಯಕಾರಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ನುಣುಪು ಟೈಲ್ಸ್ ಬೇರೆ. ಫುಟ್‌ಪಾತಿನ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಹೇಳಿದೆ.

ಇಂತಹ ಫುಟ್‌ಪಾತಿಗೆ ಹೆದರಿ ಹಿರಿಯರು ವಾಹನಗಳ ನಡುವೆ ರಸ್ತೆಗಿಳಿಯುತ್ತಾರೆ. ಅದನ್ನು ಕಂಡು ಗಾಬರಿಯಾದ ಮಕ್ಕಳು ‘ಅಪ್ಪಾ, ನೀವು ಹೊರಗೆ ಹೋಗಬೇಡಿ, ಬೇಕಾದ್ದನ್ನು ಮೊಬೈಲಿನಲ್ಲೇ ತರಿಸೋಣ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಈ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಬಳಸದ ಸ್ನಾಯು ಮುಪ್ಪಿನಲ್ಲಿ ಬಹಳ ಬೇಗ ಕರಗುತ್ತದೆ, ಮರಳಿ ಕಟ್ಟುವುದು ನಿಧಾನ. ಕೆಲವು ತಿಂಗಳು ಮನೆಯೊಳಗೇ ಉಳಿದವರಿಗೆ ಮೊದಲು ಸಲೀಸಾಗಿದ್ದ ಏರು ಆಮೇಲೆ ನಿಜಕ್ಕೂ ಅಸಾಧ್ಯವಾಗುತ್ತದೆ. ಲಾಲ್‌ಬಾಗಿಗೆ ಕಾರಿನಲ್ಲಿ ಕರೆದೊಯ್ದು ಒಂದು ಸುತ್ತು ಹಾಕಿಸುವುದು ಒಳ್ಳೆಯದೇ. ಆದರೆ ಮಗನ ಬಿಡುವಿಗಾಗಿ ಕಾಯದೆ ತಾನೇ ದೇವಸ್ಥಾನಕ್ಕೋ ಔಷಧಿ ಅಂಗಡಿಗೋ ಹೋಗಿಬರುವ ಸ್ವಾತಂತ್ರ್ಯಕ್ಕೆ ಅದು ಸಾಟಿಯಾಗದು.

ಪಾದಚಾರಿಗಳಿಗೆ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ, ಅಂದರೆ ಜೀವಿಸುವ ಹಕ್ಕಿನ ಭಾಗವಾಗಿ, ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಈಗ ನಗರಕ್ಕೆ ಐದು ಪಾಲಿಕೆಗಳಿವೆ. ದೊಡ್ಡ ರಸ್ತೆಗಳಿಗೆ ಹಣ ಸುರಿಯುವ ಮೊದಲು, ಹಿರಿಯರು ಹೆಚ್ಚಾಗಿರುವ ಹಳೆಯ ಬಡಾವಣೆಗಳ ಕಡಿದಾದ ಅಡ್ಡರಸ್ತೆಗಳನ್ನು ಅವು ಗುರುತಿಸಲಿ. ಅಲ್ಲಿ ಗೇಟಿನ ಇಳಿಜಾರುಗಳನ್ನು ಕಾಂಪೌಂಡಿನೊಳಕ್ಕೆ ಸರಿಸಿ, ಜಾರದ ಒರಟು ಕಲ್ಲು ಹಾಸಿ, ಏರಿನ ನಡುನಡುವೆ ಕುಳಿತು ಉಸಿರು ತೆಗೆದುಕೊಳ್ಳಲು ಒಂದು ಕಟ್ಟೆ ಕಟ್ಟಿಸಿದರೆ ದೊಡ್ಡ ಖರ್ಚೇನೂ ಆಗದು. ತೀರಾ ಕಡಿದಾದ ಕಡೆ ಹಿಡಿದುಕೊಳ್ಳಲು ಕಂಬಿ ಬೇಕು, ಅದೂ ರಸ್ತೆಯ ಎರಡೂ ಬದಿಗೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಅನೇಕರಿಗೆ ಗಟ್ಟಿ ಹಿಡಿತ ಒಂದೇ ಕೈಯಲ್ಲಿ ಉಳಿದಿರುತ್ತದೆ.